ಕೆಂಪು ಕೊಳವೆಯ ನಕ್ಷೆ

"ಕೆಳಗಿನದನ್ನು ಕೇಳಬೇಡ ಮಗಳೇ. ಅದು ಕಟ್ಟಿದವರಿಗೆ ಬಿಟ್ಟದ್ದು."

ಶೇವಂತಿ ಚಿಕ್ಕವಳಿದ್ದಾಗ ಅವಳ ತಂದೆ ಹೀಗೆ ಹೇಳುತ್ತಿದ್ದ. ಅವನು ಸರಕು ಹಡಗಿನ ಖಲಾಸಿ. ರಜೆಯಲ್ಲಿ ಊರಿಗೆ ಬಂದಾಗ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರಿಗೆ ಹೋಗುತ್ತಿದ್ದ. ಬಾವುಟ ತೋರಿಸುತ್ತಿದ್ದ, ಲಂಗರು ತೋರಿಸುತ್ತಿದ್ದ. ನೀರಿನೊಳಗೆ ಹಡಗು ಹೇಗಿದೆ ಎಂದು ಅವಳು ಕೇಳಿದರೆ ಮಾತ್ರ ಪ್ರತಿಸಲವೂ ಇದೊಂದೇ ಉತ್ತರ.

ತಂದೆ ತೀರಿಕೊಂಡು ಹನ್ನೊಂದು ವರ್ಷಗಳಾದ ಮೇಲೆ, ನದಿ ಕಡಲನ್ನು ಸೇರುವಲ್ಲಿನ ಒಂದು ಮರದ ಕೊಟ್ಟಿಗೆಯಲ್ಲಿ, ಅವಳು ಆ ಮಾತನ್ನು ತನ್ನ ಗುರುವಿನ ಮುಂದಿಟ್ಟಳು.

"ಅದು ನಿಜವೇ, ಮೇಸ್ತರೇ?"

ಸುಬ್ರಾಯ ಮೇಸ್ತರು ಉಳಿಯ ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು.

"ನಿನ್ನ ತಂದೆಗೆ ಕೆಳಗಿನದು ಗೊತ್ತಿತ್ತೇ?"

"ಗೊತ್ತಿರಲಿಲ್ಲ ಅನಿಸುತ್ತದೆ."

"ಗೊತ್ತಿಲ್ಲ ಎನ್ನುವುದಕ್ಕೆ ತಂದೆಯರು ಬಳಸುವ ಮಾತು ಅದು" ಎಂದರು ಮೇಸ್ತರು. ಮತ್ತೆ ಉಳಿಯ ಕಡೆಗೆ ತಿರುಗಿದರು.

ಆ ಕೊಟ್ಟಿಗೆಯಲ್ಲಿ ಮಾದರಿ ಹಡಗುಗಳು ಹುಟ್ಟುತ್ತಿದ್ದವು. ಗುರುವಿಗೆ ಎಂಬತ್ತು ಸಮೀಪಿಸಿತ್ತು. ಕಣ್ಣು ಮಂಜಾಗಿ, ಬೆರಳುಗಳೇ ನೋಡುವ ಕೆಲಸ ವಹಿಸಿಕೊಂಡಿದ್ದವು. ಶಿಷ್ಯರು ಇಬ್ಬರು. ಶೇವಂತಿ ಆರು ವರ್ಷದಿಂದ ಕಲಿಯುತ್ತಿದ್ದಳು. ಜುಜೆ ನಲವತ್ತು ದಾಟಿದವನು. ಮೊಣಕಾಲು ಕೆಟ್ಟು ಮೀನುಗಾರಿಕೆ ಬಿಟ್ಟು ಬಂದವನು, ಬಾಯಿಗೆ ಮಾತ್ರ ಯಾವ ಕೇಡೂ ಆಗದವನು.

ಕೊಟ್ಟಿಗೆಯ ನೆಲ ಕಪ್ಪು. ಅದರ ಮೇಲೆ ಸುಣ್ಣದ ದಾರ ಬಿಗಿದು ಮೀಟಿದರೆ ಬಿಳಿಯ ಗೆರೆ ಬೀಳುತ್ತಿತ್ತು. ಗೆರೆಗೆ ಗೆರೆ ಕೂಡಿ ಹಡಗಿನ ಪಕ್ಕೆಗಳು ಏಳುತ್ತಿದ್ದವು. ಆ ದಾರದ ಉಂಡೆ ಮೇಸ್ತರ ತಂದೆಯದು. ಅದಕ್ಕೂ ಮೊದಲು ಅಜ್ಜನದು.

ಬಾಗಿಲ ಪಕ್ಕದಲ್ಲಿ ಒಂದು ಮರಳಿನ ಬಕೆಟ್ಟು. ಒಳಗೆ ಒಲೆಯ ಮೇಲೆ ಅರಗು ಕಾಯುತ್ತಿರುತ್ತದೆ, ಸುತ್ತಲೂ ಮರದ ಹೊಟ್ಟು. ಬಕೆಟ್ಟು ಆ ಜಾಗದಿಂದ ಕದಲಬಾರದು ಎಂಬುದು ಅಲ್ಲಿ ಸೇರಿದವರಿಗೆ ಹೇಳಿಕೊಡುವ ಮೊದಲ ಪಾಠ.

ಆ ಊರಿನಲ್ಲಿ ಕಡಲಿಗೆ ಹೋದವರ ಮನೆಯ ಜಂತಿಯಲ್ಲಿ ಒಂದು ಮಾದರಿ ಹಡಗು ತೂಗುತ್ತದೆ. ಹೋದವನು ನೀರಿನ ಮೇಲಿರುವಷ್ಟು ದಿನವೂ ಅದರ ಮೂತಿ ಪಡುವಣಕ್ಕೆ. ಅವನು ಬಂದ ದಿನ ಮನೆಯವರು ಅದನ್ನು ಒಳಮುಖಕ್ಕೆ ತಿರುಗಿಸುತ್ತಾರೆ. ಹಡಗು ಅವನದೇ ಆಗಿರಬೇಕು. ಬೇರೆ ಹಡಗನ್ನು ತಿರುಗಿಸಿದರೆ ಬೇರೆ ಯಾರೋ ಬಂದಾರು ಎಂದು ನಗೆಯಾಡುತ್ತಾರೆ. ನಗೆಯಾಡಿದರೂ ಬೇರೆಯದನ್ನು ತೂಗುಹಾಕಲು ಒಪ್ಪುವುದಿಲ್ಲ.

ಹಾಯಿ ಹಡಗುಗಳ ಕಾಲಕ್ಕೆ ಇದೆಲ್ಲ ಸಲೀಸಾಗಿತ್ತು. ಈಗ ಊರಿನವರು ಹೋಗುವುದು ಉಕ್ಕಿನ ಸರಕು ಹಡಗುಗಳಲ್ಲಿ. ಜಂತಿಗಳಲ್ಲಿ ಅಜ್ಜಂದಿರ ಹಾಯಿ ಹಡಗುಗಳು ಧೂಳು ಹಿಡಿದು ತೂಗುತ್ತಿದ್ದವು. ಕೊಟ್ಟಿಗೆಯ ಬಾಗಿಲಿಗೆ ಬರುವವರು ಕಡಿಮೆಯಾದರು.

ಒಂದು ಬೇಸಗೆಯಲ್ಲಿ ಹೊನ್ನಪ್ಪ ತಾಂಡೇಲ ಬಂದ. ಅವನು ತಾರಾಮತಿ ಎಂಬ ಸರಕು ಹಡಗಿನಲ್ಲಿ ಡೆಕ್ಕಿನ ಆಳುಗಳ ಮುಖಂಡ.

"ಮೇಸ್ತರೇ, ಹತ್ತು ವರ್ಷದಿಂದ ನನ್ನ ಹೆಂಡತಿ ನನ್ನ ಅಜ್ಜನ ಹಡಗು ತಿರುಗಿಸ್ತಾ ಇದ್ದಾಳೆ. ನಾನು ಮನೆಗೆ ಬಂದರೆ ಅಜ್ಜನೇ ಬಂದ ಹಾಗೆ ನೋಡ್ತಾಳೆ. ನನ್ನ ಹಡಗು ಮಾಡಿಕೊಡಿ."

"ಹೇಗಿದೆ ನಿನ್ನ ಹಡಗು?"

"ನೂರು ಮೀಟರ್ ಉದ್ದ. ಅದಿರು ಒಯ್ಯುತ್ತದೆ. ಚಂದ ಏನಿಲ್ಲ. ಆದರೆ ನನ್ನದು."

ಅವನು ಹೋದ ಮೇಲೆ ಮೇಸ್ತರು ಶಿಷ್ಯರಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಉಕ್ಕಿನ ಹಡಗು ನಾನು ಮಾಡಿದವನಲ್ಲ. ಇನ್ನು ಮಾಡಲು ಕಣ್ಣಿಲ್ಲ. ಮಳೆ ಕಳೆದು ಕಡಲಿಗೆ ತೆಂಗಿನಕಾಯಿ ಬಿಡುವ ಹುಣ್ಣಿಮೆಯಂದು ನಿಮ್ಮಲ್ಲಿ ಒಬ್ಬರು ತಾರಾಮತಿಯನ್ನು ಹೊಳೆಯಲ್ಲಿ ತೇಲಿಸಿ. ನಿಜವಾದ ಹಡಗು ಎಷ್ಟು ಹೊರೆಗೆ ಎಷ್ಟು ಮುಳುಗುತ್ತದೋ, ಮಾದರಿಯೂ ಅಷ್ಟೇ ಮುಳುಗಬೇಕು. ಹಾಗೆ ಮಾಡಲು ಯಾರಿಂದ ಆಗುತ್ತದೋ, ಈ ದಾರ ಅವರಿಗೆ. ಆಗದಿದ್ದರೆ ಕೊಟ್ಟಿಗೆಯನ್ನು ದೋಣಿಯವರಿಗೆ ಬಿಟ್ಟುಕೊಡುತ್ತೇನೆ. ಬಲೆ ಇಟ್ಟುಕೊಳ್ಳಲಿ."

"ಬಲೆಯ ವಾಸನೆ ತಪ್ಪಿಸಿಕೊಳ್ಳಲಿಕ್ಕೇ ನಾನು ಇಲ್ಲಿಗೆ ಬಂದದ್ದು" ಎಂದ ಜುಜೆ. "ಶೇವಂತೀ, ಇದು ನಿನ್ನಿಂದಲೇ ಆಗಬೇಕು ಮಾರಾಯ್ತಿ."

ಶೇವಂತಿ ನೆಲದ ಸುಣ್ಣದ ಗೆರೆಗಳನ್ನು ನೋಡಿದಳು. ಆ ಕಪ್ಪು ನೆಲವನ್ನು ಬಿಟ್ಟು ಅವಳಿಗೆ ಬೇರೆ ಜಾಗ ಬೇಕಿರಲಿಲ್ಲ. ಬಲೆಗಳ ರಾಶಿಯ ಅಡಿಯಲ್ಲಿ ಅದನ್ನು ಊಹಿಸಿಕೊಳ್ಳಲು ಅವಳಿಂದ ಆಗಲಿಲ್ಲ.

ಅವಳು ನಕ್ಷೆ ಹುಡುಕಲು ಹೊರಟಳು.

ತಾರಾಮತಿಯನ್ನು ಕಟ್ಟಿದ ಕಾರ್ಖಾನೆಗೆ ಪತ್ರ ಬರೆದಳು. ನಕ್ಷೆಗಳು ಸಂಸ್ಥೆಯ ಸ್ವತ್ತು, ಹೊರಗಿನವರಿಗೆ ಕೊಡಲಾಗುವುದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಪೇಟೆಯ ಗಣಕಯಂತ್ರದ ಅಂಗಡಿಯಲ್ಲಿ ಕುಳಿತು ಮಾದರಿ ಹಡಗುಗಳ ನಕ್ಷೆ ಒದಗಿಸುವವರ ಪಟ್ಟಿಗಳನ್ನು ತಡಕಿದಳು. ಮುನ್ನೂರು ವರ್ಷ ಹಿಂದಿನ ಯುದ್ಧನೌಕೆಗಳಿಗೆ ಮೊಳೆ ಮೊಳೆಯ ಲೆಕ್ಕವೂ ಅಲ್ಲಿತ್ತು. ಈಗ ಓಡಾಡುತ್ತಿರುವ ಸರಕು ಹಡಗು ಒಂದೂ ಇರಲಿಲ್ಲ.

"ಮುಳುಗಿಹೋದ ಹಡಗುಗಳ ನಕ್ಷೆ ಎಲ್ಲರಲ್ಲೂ ಇದೆ, ಮೇಸ್ತರೇ. ತೇಲುತ್ತಿರುವುದರದು ಯಾರಲ್ಲೂ ಇಲ್ಲ."

"ತೇಲುತ್ತಿರುವುದಕ್ಕೆ ಇನ್ನೂ ಹೆದರಿಕೆ ಇರುತ್ತದೆ" ಎಂದರು ಮೇಸ್ತರು.

ಕೊನೆಗೆ ಒಬ್ಬರ ಬಳಿ ತಾರಾಮತಿಯಂಥದೇ ಒಂದು ಹಡಗಿನ ನಕ್ಷೆ ಸಿಕ್ಕಿತು. ಹಾಳೆ ಬಿಚ್ಚಿ ನೋಡಿದರೆ ನೀರಿನ ಮಟ್ಟಕ್ಕೆ ಹಡಗನ್ನು ಕತ್ತರಿಸಲಾಗಿತ್ತು; ಮೇಜಿನ ಮೇಲೆ ಇಟ್ಟು ನೋಡುವವರಿಗಾಗಿ ಮಾಡಿದ್ದು. ಆದರೂ ಅವಳು ಒಂದು ವಾರ ಕೂತು, ಮೆದುಮರದಲ್ಲಿ ಅದರಂತೆಯೇ ಕೊರೆದು ಗುರುವಿನ ಕೈಗಿಟ್ಟಳು.

ಮೇಸ್ತರು ಅದರ ಚಪ್ಪಟೆ ತಳವನ್ನು ಸವರಿದರು. ಎದ್ದು ಹೋಗಿ ನೀರಿನ ಹಂಡೆಯ ಮೇಲೆ ಅದನ್ನು ಮುಚ್ಚಿದರು.

"ಒಳ್ಳೆಯದಾಯಿತು. ಹಂಡೆಗೆ ಮುಚ್ಚಳ ಇರಲಿಲ್ಲ."

ಜುಜೆ ನಕ್ಕು ನಕ್ಕು ಕೆಮ್ಮಿದ. ಶೇವಂತಿ ನಗಲಿಲ್ಲ.

ಮಳೆಗಾಲಕ್ಕೆ ಮುಂಚಿನ ಕೊನೆಯ ಹೊರೆಗಾಗಿ ತಾರಾಮತಿ ಪಕ್ಕದ ಬಂದರಿಗೆ ಬಂತು. ಹೊನ್ನಪ್ಪ ಪರವಾನಗಿಯ ಚೀಟಿ ಮಾಡಿಸಿ ಶೇವಂತಿಯನ್ನು ಹಡಗಿಗೆ ಹತ್ತಿಸಿಕೊಂಡ.

"ನಿನ್ನ ಅಪ್ಪ ನನಗೆ ಗಂಟು ಹಾಕಲು ಕಲಿಸಿದವನು. ಆ ಋಣಕ್ಕೆ ಕರೆದದ್ದು. ಎಲ್ಲ ನೋಡಿಕೋ, ಏನನ್ನೂ ಮುಟ್ಟಬೇಡ."

"ನಕ್ಷೆ ಇದೆಯಾ, ಹೊನ್ನಪ್ಪಣ್ಣ?"

"ಕ್ಯಾಪ್ಟನ್ನರ ಕಪಾಟಿನಲ್ಲಿ ಇರಬಹುದು. ಕೇಳಿದರೆ ನಿನ್ನ ಜೊತೆಗೆ ನನ್ನನ್ನೂ ಇಳಿಸ್ತಾರೆ."

ಏಣಿ ಹತ್ತಿ ಮೇಲೆ ಬಂದ ಕೂಡಲೇ, ಬಿಳಿಯ ಗೋಡೆಗೆ ಬಿಗಿದ ಒಂದು ಕೆಂಪು ಕೊಳವೆ ಕಂಡಿತು. ಮೊಳದುದ್ದ, ತುದಿಗೆ ತಿರುಗುವ ಮುಚ್ಚಳ.

"ಅದೇನು?"

"ಹಡಗಿಗೆ ಬೆಂಕಿ ಬಿದ್ದರೆ ದಡದಿಂದ ಆರಿಸುವವರು ಬರ್ತಾರಲ್ಲ, ಅವರಿಗೆ. ಯಾವ ಬಾಗಿಲು ಎಲ್ಲಿ, ಯಾವ ಏಣಿ ಎಲ್ಲಿ, ನಾವು ಎಲ್ಲಿ ಮಲಗ್ತೇವೆ, ಎಲ್ಲ ಅದರೊಳಗಿದೆ. ಒಳಗೆ ಹೊಗೆ ತುಂಬಿದಾಗ ನಾವು ಹೇಳುವ ಸ್ಥಿತಿಯಲ್ಲಿ ಇರ್ತೀವಾ?"

ಅಷ್ಟರಲ್ಲಿ ಯಾರೋ ಕೂಗಿದರು. ಹೊನ್ನಪ್ಪ ಮುಂದಿನ ಡೆಕ್ಕಿಗೆ ಓಡಿದ.

ಶೇವಂತಿ ಒಬ್ಬಳೇ ನಿಂತಿದ್ದಳು. ಮುಚ್ಚಳವನ್ನು ಮೂರು ಸುತ್ತು ತಿರುಗಿಸಿದಳು. ಸುರುಳಿಯನ್ನು ಚೀಲದೊಳಗಿನ ಬಟ್ಟೆಯ ಅಡಿಗೆ ಸೇರಿಸಿದಳು. ಮುಚ್ಚಳವನ್ನು ಮೊದಲಿನಂತೆಯೇ ಬಿಗಿದಳು. ಮಳೆ ಕಳೆದು ಹಡಗು ಮತ್ತೆ ಬರುತ್ತದೆ. ಆಗ ಯಾರಿಗೂ ತಿಳಿಯದಂತೆ ಹಿಂದಿರುಗಿಸುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು.

ಸಂಜೆ ಕೊಟ್ಟಿಗೆಯಲ್ಲಿ ಹಾಳೆಗಳು ಹರಡಿದವು. ಆರು ದೊಡ್ಡ ಹಾಳೆಗಳು. ಅಂತಸ್ತಿಗೆ ಅಂತಸ್ತು, ಕೋಣೆಗೆ ಕೋಣೆ. ಜುಜೆ ಕುಂಟುತ್ತಾ ಹಾಳೆಗಳ ಸುತ್ತ ಒಂದು ಸುತ್ತು ಬಂದ.

ಮೇಸ್ತರು ಹಾಳೆಯ ಅಂಚನ್ನು ಬೆರಳಿನಿಂದ ತೀಡಿದರು.

"ದಪ್ಪ ಕಾಗದ. ನೀರು ತಾಗದಂತೆ ಮೇಣ ಹಚ್ಚಿದ್ದಾರೆ. ಇದು ಎಲ್ಲಿ ವಾಸ ಮಾಡುವ ಕಾಗದ?"

"ಏಣಿಯ ಹತ್ತಿರ. ಒಂದು ಕೆಂಪು ಕೊಳವೆಯಲ್ಲಿ."

"ಯಾರಿಗಾಗಿ?"

ಅವಳು ಹೊನ್ನಪ್ಪ ಹೇಳಿದ್ದನ್ನೇ ಹೇಳಿದಳು. ಹೇಳುತ್ತಾ ಹೇಳುತ್ತಾ ದನಿ ಸಣ್ಣದಾಯಿತು. ಆದರೂ ಕೊನೆಯವರೆಗೆ ಹೇಳಿದಳು.

"ಎರಡೇ ತಿಂಗಳು, ಮೇಸ್ತರೇ. ಆಮೇಲೆ ಕೊಟ್ಟುಬಿಡುತ್ತೇನೆ."

ಮೇಸ್ತರು ತಲೆಯಾಡಿಸಿದರು. ಬೈಯಲಿಲ್ಲ. ಅವಳು ಕತ್ತಲಾಗುವವರೆಗೆ ಮೊದಲ ಹಾಳೆಯ ನಕಲು ಮಾಡಿದಳು.

ಮರುದಿನ ಬೆಳಿಗ್ಗೆ ಅವಳು ಬಂದಾಗ ಮೇಸ್ತರು ಬಾಗಿಲ ಬಳಿಯ ಕಲ್ಲಿನ ಮೇಲೆ ಒಂದು ಬೊಗಸೆ ಹೊಟ್ಟು ರಾಶಿ ಹಾಕುತ್ತಿದ್ದರು. ಅವಳು ಹತ್ತಿರ ಬರುತ್ತಿದ್ದಂತೆ ಬೆಂಕಿಕಡ್ಡಿ ಗೀರಿ ಅದರ ಮೇಲೆ ಹಾಕಿದರು.

ಒಣ ಹೊಟ್ಟು. ಉರಿ ಒಮ್ಮೆಗೇ ಎದ್ದಿತು. ಗಾಳಿಗೆ ಒಂದು ಕಿಡಿ ಒಳಗಿನ ಹಲಗೆಗಳ ಕಡೆಗೆ ಹಾರಿತು.

"ಮರಳು!" ಎಂದರು ಮೇಸ್ತರು.

ಶೇವಂತಿ ಕೈ ಚಾಚಿದಳು. ಬಕೆಟ್ಟು ಇರಲಿಲ್ಲ.

ಆರು ವರ್ಷದಲ್ಲಿ ಒಮ್ಮೆಯೂ ಆ ಜಾಗ ಖಾಲಿ ಇದ್ದದ್ದನ್ನು ಅವಳು ಕಂಡಿರಲಿಲ್ಲ. ಕೈ ಗೋಡೆಯನ್ನು ತಡಕಿತು, ನೆಲವನ್ನು ತಡಕಿತು. ಕೊನೆಗೆ ಚಪ್ಪಲಿಯಿಂದ ಉರಿಯನ್ನು ತುಳಿದಳು, ಹಲಗೆಯ ಮೇಲಿನ ಕಿಡಿಯನ್ನು ಅಂಗೈಯಲ್ಲಿ ಒತ್ತಿದಳು. ಹೊಗೆ ಕಣ್ಣಿಗೆ ತುಂಬಿತು.

"ಬಕೆಟ್ಟು ಎಲ್ಲಿ?" ಅವಳು ಕಿರುಚಿದಳು. ಗುರುವಿನ ಮುಂದೆ ಅವಳು ಕಿರುಚಿದ್ದು ಅದೇ ಮೊದಲು.

"ಮನೆಯಲ್ಲಿದೆ. ಅದರ ಹಿಡಿಕೆ ಹೇಗೆ ಮಾಡಿದ್ದಾರೆ ಎಂದು ನೋಡಬೇಕಿತ್ತು, ಒಯ್ದೆ."

"ಬಕೆಟ್ಟನ್ನು ಒಯ್ಯುವುದೇ? ಯಾವಾಗ ತರುತ್ತೀರಿ?"

"ಎರಡೇ ತಿಂಗಳು" ಎಂದರು ಮೇಸ್ತರು.

ಶೇವಂತಿ ಸುಟ್ಟ ಅಂಗೈಯನ್ನು ನೋಡಿಕೊಂಡಳು. ಒಳಗೆ ಹೋಗಿ ಹಾಳೆಗಳನ್ನು ಸುತ್ತಿದಳು. ತಾನು ಮಾಡಿದ ನಕಲನ್ನೂ ಅದರೊಳಗೇ ಇಟ್ಟಳು. ಮೊದಲ ಬಸ್ಸು ಹಿಡಿದಳು.

ಬಂದರಿನಲ್ಲಿ ಏಣಿಯ ಬುಡದಲ್ಲಿಯೇ ಹೊನ್ನಪ್ಪ ನಿಂತಿದ್ದ. ಹೊರೆ ತುಂಬುವ ಮೊದಲು ನಡೆಯುವ ತಪಾಸಣೆಯಲ್ಲಿ ಕೊಳವೆ ಖಾಲಿ ಎಂದು ಗೊತ್ತಾಗಿತ್ತು. ಡೆಕ್ಕಿನ ಜವಾಬ್ದಾರಿ ಅವನದು. ಹಡಗಿನ ಹಿರಿಯ ಅಧಿಕಾರಿ ಅವನ ಹೆಸರನ್ನು ತಪ್ಪುಗಳನ್ನು ದಾಖಲಿಸುವ ಪುಸ್ತಕದಲ್ಲಿ ಬರೆಯಲು ಲೇಖನಿ ತೆಗೆದಾಗಿತ್ತು.

ಅವಳು ಚೀಲದಿಂದ ಸುರುಳಿಯನ್ನು ಹೊರತೆಗೆದಾಗ ಅವನು ಬಹಳ ಹೊತ್ತು ಅದನ್ನೇ ನೋಡಿದ.

"ನೀನಾ?"

"ನಾನೇ. ಅವರ ಮುಂದೆಯೇ ಹೇಳುತ್ತೇನೆ."

ಹೇಳಿದಳು. ಅಧಿಕಾರಿ ತನ್ನ ಭಾಷೆಯಲ್ಲಿ ಬೈದ. ಹೊನ್ನಪ್ಪ ಅದರಲ್ಲಿ ಅರ್ಧವನ್ನು ಮಾತ್ರ ಕನ್ನಡಕ್ಕೆ ತಂದ. ಅವನ ಹೆಸರು ಪುಸ್ತಕ ಸೇರಲಿಲ್ಲ. ಅವಳ ಪರವಾನಗಿಯ ಚೀಟಿ ಎರಡು ತುಂಡಾಯಿತು.

"ಇನ್ನು ಈ ಹಡಗಿನ ಮೇಲೆ ನೀನು ಕಾಲಿಡಬಾರದು ಅಂತೆ" ಎಂದ ಹೊನ್ನಪ್ಪ. ಸ್ವಲ್ಪ ತಡೆದು ಸೇರಿಸಿದ: "ಅದು ಅವರ ಮಾತು. ನನ್ನದೂ ಅದೇ."

ಅವಳು ಕೊಟ್ಟಿಗೆಗೆ ಮರಳಿದಾಗ ಬಕೆಟ್ಟು ತನ್ನ ಜಾಗದಲ್ಲಿತ್ತು.

"ಮುಗಿಯಿತು, ಮೇಸ್ತರೇ. ನಕ್ಷೆ ಇಲ್ಲ. ಹಡಗನ್ನು ಹತ್ತುವಂತಿಲ್ಲ. ಬಂದರಿನ ಗೇಟನ್ನೂ ದಾಟುವಂತಿಲ್ಲ."

"ಹೊರಗೆ ನಿಂತಾಗ ಏನು ಕಂಡಿತು?"

"ಏನೂ ಇಲ್ಲ. ಹಡಗಿನ ಪಕ್ಕೆ."

"ಅದರ ಮೇಲೆ?"

"ಬಣ್ಣ. ತುಕ್ಕು." ಅವಳು ಯೋಚಿಸಿದಳು. "ಅಂಕಿಗಳು. ಎಷ್ಟು ಮುಳುಗಿದೆ ಎಂದು ತೋರಿಸುವ ಅಂಕಿಗಳು, ಮೂತಿಯಲ್ಲಿ, ನಡುವೆ, ಹಿಂದೆ."

"ಯಾರಿಗಾಗಿ ಬರೆದದ್ದು?"

ಶೇವಂತಿ ಉತ್ತರಿಸಲು ಬಾಯಿ ತೆರೆದಳು. ಹಡಗಿನ ಒಳಗಿರುವವರಿಗೆ ಆ ಅಂಕಿಗಳು ಕಾಣುವುದೇ ಇಲ್ಲ.

"ಹೊರಗೆ ನಿಂತವರಿಗೆ" ಎಂದಳು.

"ಹೋಗಿ ಓದು."

ಬಂದರಿನ ಎದುರು ದಡದಲ್ಲಿ ಮೀನಿನ ದೋಣಿಗಳು ಬಂದು ನಿಲ್ಲುವ ಧಕ್ಕೆ ಇದೆ. ಅಲ್ಲಿಗೆ ಯಾರ ಚೀಟಿಯೂ ಬೇಡ. ಶೇವಂತಿ ಒಂದು ಹಳೆಯ ದುರ್ಬೀನು ಹಿಡಿದು ಅಲ್ಲಿ ಕುಳಿತಳು. ಜುಜೆಯನ್ನು ಲಾರಿಗಳು ಬಂದರಿಗೆ ತಿರುಗುವ ರಸ್ತೆಯ ಚಹಾದಂಗಡಿಯಲ್ಲಿ ಕೂರಿಸಿದಳು. ಒಂದು ಲಾರಿಗೆ ಇಪ್ಪತ್ತು ಟನ್ ಅದಿರು. ಲಾರಿ ಹೋದಂತೆಲ್ಲ ಜುಜೆ ಗೆರೆ ಎಳೆಯಬೇಕು. ಹಡಗು ಇಳಿದಂತೆಲ್ಲ ಅವಳು ಅಂಕಿ ಬರೆಯಬೇಕು. ಎಷ್ಟು ಹೊರೆಗೆ ಎಷ್ಟು ಇಳಿಯಿತು ಎಂದು ತಿಳಿದರೆ ನೀರಿನ ಮಟ್ಟದಲ್ಲಿ ಹೊಟ್ಟೆ ಎಷ್ಟು ಅಗಲ ಎಂಬುದು ತಿಳಿಯುತ್ತದೆ. ಹೊಟ್ಟೆ ಅಗಲವಿದ್ದಲ್ಲಿ ಹಡಗು ನಿಧಾನವಾಗಿ ಇಳಿಯುತ್ತದೆ. ಕಿರಿದಾದಲ್ಲಿ ಬೇಗ ಇಳಿಯುತ್ತದೆ.

ಮೊದಲ ದಿನದ ಲೆಕ್ಕ ತಾಳೆಯಾಗಲಿಲ್ಲ. ಐವತ್ತು ಲಾರಿ ಸುರಿದರೂ ತಾರಾಮತಿ ಅಲುಗದೆ ನಿಂತಿತ್ತು.

"ನೀನು ಚಹಾ ಕುಡಿಯುತ್ತಾ ಇಲ್ಲದ ಲಾರಿ ಎಣಿಸಿದೆ" ಎಂದಳು ಶೇವಂತಿ.

"ನಾಲ್ಕು ಚಹಾ, ಐವತ್ತು ಲಾರಿ. ಎರಡರ ಲೆಕ್ಕವೂ ಸರಿ ಇದೆ. ನಿನ್ನ ದುರ್ಬೀನಿಗೇ ಪೊರೆ ಬಂದಿದೆ ಮಾರಾಯ್ತಿ" ಎಂದ ಜುಜೆ.

ಅವಳು ಮತ್ತೆ ದುರ್ಬೀನು ಏರಿಸಿದಳು. ಹಡಗಿನ ಪಕ್ಕೆಯ ತೂತುಗಳಿಂದ ನೀರು ಧುಮುಕುತ್ತಿತ್ತು. ಖಾಲಿ ಹಡಗು ಅಲೆಗೆ ಹೊರಳದಿರಲೆಂದು ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬಂದಿರುತ್ತದೆ. ಹೊರೆ ಬಂದಂತೆ ಅದನ್ನು ಹೊರಚೆಲ್ಲುತ್ತದೆ.

"ಒಂದು ಕಡೆ ತಿನ್ನುತ್ತದೆ, ಇನ್ನೊಂದು ಕಡೆ ಉಗುಳುತ್ತದೆ!" ಎಂದ ಜುಜೆ. "ಇದಕ್ಕಿಂತ ನನ್ನ ಮಾವನ ಹೊಟ್ಟೆಯ ಲೆಕ್ಕ ಸುಲಭ."

ಶೇವಂತಿ ಮೊದಲ ದಿನದ ಹಾಳೆಯನ್ನು ಹರಿದಳು. ನೀರು ನಿಂತ ಮೇಲೆ ಹೊಸ ಹಾಳೆ ತೆಗೆದಳು. ಆಗ ಅಂಕಿ ಮೂರು ಮೀಟರಿನಲ್ಲಿತ್ತು. ಅಲ್ಲಿಂದ ಆರೂವರೆ ಮೀಟರಿನವರೆಗೆ, ಎರಡೂವರೆ ದಿನ, ಇನ್ನೂರೈವತ್ತು ಲಾರಿ. ಅವಳ ಮೂಗಿನ ತುದಿ ಬಿಸಿಲಿಗೆ ಸುಲಿಯಿತು.

ಡೆಕ್ಕಿನ ಮೇಲಿನಿಂದ ಹೊನ್ನಪ್ಪ ಒಮ್ಮೆ ಎದುರು ದಡವನ್ನು ನೋಡಿದ. ಕೈ ಬೀಸಲಿಲ್ಲ.

ತಾರಾಮತಿ ಹೋಯಿತು. ಮಳೆ ಬಂತು.

ಮಳೆಗಾಲವಿಡೀ ಶೇವಂತಿ ಕಪ್ಪು ನೆಲದ ಮೇಲೆ ದಾರ ಮೀಟಿದಳು. ಅಂಕಿಗಳು ಗೆರೆಗಳಾದವು. ಗೆರೆ ತಪ್ಪಿದಾಗ ಮೇಸ್ತರು ಬೆರಳಿನಿಂದ ಮುಟ್ಟಿ, ಏನೂ ಹೇಳದೆ ಒದ್ದೆ ಬಟ್ಟೆಯನ್ನು ಅವಳ ಕಡೆಗೆ ಚಾಚುತ್ತಿದ್ದರು. ಹದಿನೇಳು ಸಲ ಅವಳು ನೆಲ ಒರೆಸಿದಳು. ಆಮೇಲೆ ಗೆರೆಗಳನ್ನು ಹಾಳೆಗೆ ಇಳಿಸಿದಳು, ಹಾಳೆಯಿಂದ ಮರಕ್ಕೆ ಏರಿಸಿದಳು. ನೂರು ಮೀಟರ್ ಒಂದು ಮೀಟರಾಯಿತು.

ಹುಣ್ಣಿಮೆಯ ದಿನ ಕೊಟ್ಟಿಗೆಯ ಮುಂದೆಯೇ ಹೊಳೆಯ ದಡದಲ್ಲಿ ಊರಿನ ಇಪ್ಪತ್ತು ಮೂವತ್ತು ಜನ ಸೇರಿದರು. ಕಡಲಿಗೆ ಕಾಯಿ ಬಿಟ್ಟು ಮರಳುತ್ತಿದ್ದವರು ನಿಂತರು. ರಜೆಯಲ್ಲಿದ್ದ ಹೊನ್ನಪ್ಪನನ್ನು ಅವನ ಹೆಂಡತಿ ಕರೆತಂದಿದ್ದಳು. ಅವನು ಶೇವಂತಿಯ ಜೊತೆ ಮಾತಾಡಲಿಲ್ಲ. ನೇರ ಮಾದರಿಯ ಬಳಿಗೆ ಹೋಗಿ ಬಗ್ಗಿದ.

ಮೂತಿ ನೋಡಲಿಲ್ಲ, ಲಂಗರು ನೋಡಲಿಲ್ಲ. ಏಣಿಯ ತುದಿಯಲ್ಲಿ ಬಿಳಿಯ ಗೋಡೆಯನ್ನು ಹುಡುಕಿದ. ಅಲ್ಲಿ ಜೀರಿಗೆ ಕಾಳಿಗಿಂತ ಸಣ್ಣದಾದ ಒಂದು ಕೆಂಪು ಕೊಳವೆ ಇತ್ತು.

ಅವನು ನೆಟ್ಟಗೆ ನಿಂತ.

"ತೇಲಿಸಿ ನೋಡುವ" ಎಂದ. "ಅಂಕಿ ನಾನು ಓದುತ್ತೇನೆ. ಹತ್ತು ವರ್ಷ ಓದಿದ್ದೇನೆ."

ಮಾದರಿಯ ಉದ್ದ, ಅಗಲ, ಎತ್ತರ ಮೂರೂ ನೂರನೇ ಒಂದು ಪಾಲು; ಹಾಗಾಗಿ ಒಂದು ಲಾರಿಗೆ ಇಪ್ಪತ್ತು ಗ್ರಾಂ ಮರಳಿನ ಒಂದು ಪುಟ್ಟ ಚೀಲ. ಜುಜೆ ಮರಳಿಗಾಗಿ ಬಾಗಿಲ ಪಕ್ಕದ ಬಕೆಟ್ಟಿಗೆ ಕೈ ಹಾಕಿದ.

"ಅದನ್ನು ಮುಟ್ಟಬೇಡ" ಎಂದಳು ಶೇವಂತಿ. "ದಡದ ಮರಳು ತಾ."

ಮೇಸ್ತರು ಇನ್ನೊಂದು ದಿಕ್ಕಿಗೆ ಮುಖ ತಿರುಗಿಸಿದರು.

ಮೂರು ಮೀಟರಿನ ಗುರುತಿನವರೆಗೆ ಅವಳು ಮೊದಲು ಭಾರ ತುಂಬಿದಳು. ಆಮೇಲೆ ಎಣಿಕೆ ಆರಂಭವಾಯಿತು. ಜುಜೆ ಚೀಲ ಇಡುವನು, ಹೊನ್ನಪ್ಪ ಓದುವನು, ಶೇವಂತಿ ಚಹಾದ ಕಲೆ ಬಿದ್ದ ಹಾಳೆಯನ್ನು ನೋಡುವಳು. ಐವತ್ತು ಲಾರಿ: ಸರಿ. ನೂರು: ಸರಿ. ನೂರೈವತ್ತಕ್ಕೆ ಕೂದಲೆಳೆಯಷ್ಟು ವ್ಯತ್ಯಾಸ.

"ಅಲ್ಲಿ ನನಗೆ ಕಣ್ಣು ಹತ್ತಿತ್ತು" ಎಂದ ಜುಜೆ. "ಒಂದೋ ಎರಡೋ ಲಾರಿ ತಪ್ಪಿತ್ತು, ಆಮೇಲೆ ಚಹಾದವನನ್ನು ಕೇಳಿ ಸೇರಿಸಿದೆ. ಈಗ ಹೇಳಿದ್ದೇನೆ, ಯಾರೂ ಮತ್ತೆ ಕೇಳಬೇಡಿ."

ಜನ ನಕ್ಕರು. ಇನ್ನೂರು: ಸರಿ. ಇನ್ನೂರೈವತ್ತಕ್ಕೆ ಹೊನ್ನಪ್ಪ ಮಂಡಿಯೂರಿ, ಕೆನ್ನೆ ನೀರಿಗೆ ತಾಗುವಂತೆ ಬಗ್ಗಿದ.

"ಆರೂವರೆ." ಅವನು ಎದ್ದು ಹೆಂಡತಿಯ ಕಡೆಗೆ ತಿರುಗಿದ. "ಇದು ನಮ್ಮದೇ. ಅಜ್ಜನನ್ನು ಇಳಿಸು ಇನ್ನು."

ಮೇಸ್ತರು ಮಾದರಿಯನ್ನು ನೀರಿನಿಂದ ಎತ್ತಿಸಿ ತೊಡೆಯ ಮೇಲೆ ಇಟ್ಟುಕೊಂಡರು. ಬೆರಳುಗಳು ಪಕ್ಕೆಯುದ್ದಕ್ಕೂ ಇಳಿದವು. ಮೂರು ಮೀಟರಿನ ಗುರುತಿನ ಕೆಳಗೆ ನಿಂತವು. ಅಲ್ಲಿಂದ ಕೆಳಕ್ಕೆ ಬಣ್ಣವಿರಲಿಲ್ಲ. ಬರಿಯ ಎಣ್ಣೆ ಹಚ್ಚಿದ ಮರ.

"ಇಲ್ಲಿ?"

"ಅದನ್ನು ನಾನು ಓದಲಿಲ್ಲ, ಮೇಸ್ತರೇ. ಆ ಹೊತ್ತಿಗೆ ಹಡಗು ನೀರು ಚೆಲ್ಲುತ್ತಿತ್ತು. ಅಲ್ಲಿ ನನ್ನ ಊಹೆ ಇದೆ. ಊಹೆಗೆ ಬಣ್ಣ ಹಚ್ಚಲಿಲ್ಲ."

ಮೇಸ್ತರು ಸೊಂಟದ ಮಡಿಕೆಯಿಂದ ದಾರದ ಉಂಡೆಯನ್ನು ತೆಗೆದರು. ಅವಳ ಕೈಯನ್ನು ತಡಕಿ ಹಿಡಿದು, ಸುಟ್ಟ ಗುರುತಿದ್ದ ಅಂಗೈಯಲ್ಲಿ ಅದನ್ನಿಟ್ಟು ಬೆರಳುಗಳನ್ನು ಮಡಿಸಿದರು.

ಮೊದಲು ಬಾಯಿಬಿಟ್ಟವನು ಜುಜೆಯೇ.

"ಈಗ ನೀನು ಬರೆದ ಆ ನಕ್ಷೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿ. ಆಚೆ ದಡದ ಬಡಗಿಗಳಿಗೆ ಸಿಕ್ಕಿದರೆ ನಾಳೆಯೇ ಅವರೂ ಮಾಡ್ತಾರೆ."

"ಅದೂ ಸರಿಯೇ" ಎಂದ ಹೊನ್ನಪ್ಪ. "ಇಡೀ ಕರಾವಳಿಯಲ್ಲಿ ಇಂಥ ನಕ್ಷೆ ಇನ್ನೊಬ್ಬರ ಬಳಿ ಇರಲಿಕ್ಕಿಲ್ಲ."

ಶೇವಂತಿ ನಕ್ಷೆಯ ಸುರುಳಿಯನ್ನು ಕೈಗೆತ್ತಿಕೊಂಡಳು. ಕಾರ್ಖಾನೆಯಿಂದ ಬಂದ ಎರಡು ಸಾಲಿನ ಪತ್ರ ಅವಳಿಗೆ ನೆನಪಾಯಿತು. ಹೆಗಲ ಮೇಲೆ ಕುಳಿತು ತಾನು ಕೇಳುತ್ತಿದ್ದ ಪ್ರಶ್ನೆಯೂ ನೆನಪಾಯಿತು. ದಡದಲ್ಲಿ ನಿಂತವರಿಗೆಲ್ಲ ಕೇಳಿಸುವಂತೆ ಹೇಳಿದಳು:

"ಇದು ಪೆಟ್ಟಿಗೆಯೊಳಗೆ ಇರುವುದಿಲ್ಲ. ನಮ್ಮ ಕೊಟ್ಟಿಗೆಯ ಹೊರಬಾಗಿಲಿನಲ್ಲಿ, ಒಂದು ಕೊಳವೆಯೊಳಗೆ ಇರುತ್ತದೆ. ಯಾವ ಊರಿನವರು ಬೇಕಾದರೂ ಬರಲಿ, ಅಲ್ಲೇ ಕುಳಿತು ನಕಲು ಮಾಡಿಕೊಳ್ಳಲಿ. ಮೂಲವನ್ನು ಮಾತ್ರ ಒಯ್ಯುವಂತಿಲ್ಲ. ಮೂರು ಮೀಟರಿನ ಕೆಳಗೆ ಊಹೆ ಎಂದು ಅದರ ಮೇಲೆ ಬರೆದಿದ್ದೇನೆ. ತಿಳಿದವರು ತಿದ್ದಲಿ. ಇನ್ನು ಮುಂದೆ ನಾನು ಮಾಡುವ ಪ್ರತಿಯೊಂದು ಹಡಗಿನದೂ ಹೀಗೆಯೇ."

"ಎರಡೂವರೆ ದಿನ ಲಾರಿ ಎಣಿಸಿದವನು ನಾನು" ಎಂದು ಜುಜೆ ಹೊಳೆಗೆ ಹೇಳಿದ. "ಬಾಗಿಲಿಗೆ ತೂಗುಹಾಕ್ತಾಳಂತೆ."

ಮೇಸ್ತರು ಮಾದರಿಯನ್ನು ಹೊನ್ನಪ್ಪನ ಹೆಂಡತಿಯ ಕೈಗೆ ಕೊಟ್ಟು, ಕೋಲು ಊರಿ ಎದ್ದರು.

"ಜುಜೆ, ಒಂದು ಮೊಳೆ ತಾ. ಮರಳಿನ ಬಕೆಟ್ಟಿನ ಪಕ್ಕದಲ್ಲಿ ಹೊಡೆ."